ಗಿರಣಿ ಯಜಮಾನರು ಕಟ್ಟಿಸಿದ ಪುರಭವನ

ಇವತ್ತು ಒಂದೇ ಒಂದು ಕಟ್ಟಡದ ಸುತ್ತ ಮಾತನಾಡುತ್ತೇನೆ. ಫ್ರಾನ್ಸಿನ ಉತ್ತರದ ತುದಿಯಲ್ಲಿ, ಬೆಲ್ಜಿಯಂ ಗಡಿಗೆ ಅಂಟಿಕೊಂಡಂತೆ ರೂಬೇ ಎಂಬ ಊರಿದೆ. ಆ ಊರಿನ ಪುರಭವನ ನನ್ನ ವಿಷಯ. ಸೈಕಲ್ ಪಂದ್ಯಗಳನ್ನು ನೋಡುವವರು ರೂಬೇ ಹೆಸರನ್ನು ಕೇಳಿರುತ್ತೀರಿ, ಉಳಿದವರು ಕೇಳದಿದ್ದರೆ ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಪ್ರವಾಸಿಗರಿಗೆ ತೋರಿಸುವ ಫ್ರಾನ್ಸಿನಲ್ಲಿ ಆ ಊರಿಗೆ ಜಾಗವೇ ಇಲ್ಲ. ಅಲ್ಲಿ ದ್ರಾಕ್ಷಿತೋಟವಿಲ್ಲ, ಸಮುದ್ರವಿಲ್ಲ, ರಾಜರು ಬಿಟ್ಟುಹೋದ ಕೋಟೆಯಿಲ್ಲ. ಇದ್ದದ್ದೆಲ್ಲ ಗಿರಣಿ, ಹೊಗೆಕೊಳವೆ, ಇಟ್ಟಿಗೆಯ ಗೋಡೆ. ಸಾವಿರ ಚಿಮಣಿಗಳ ಊರು ಎಂದೇ ಅದಕ್ಕೆ ಹೆಸರಿತ್ತು. ಫ್ರಾನ್ಸಿನ ಮ್ಯಾಂಚೆಸ್ಟರ್ ಎಂದೂ ಕರೆಯುತ್ತಿದ್ದರು. ನಮ್ಮ ದಾವಣಗೆರೆಗೂ ಇಂಥದ್ದೇ ಬಿರುದು ಇತ್ತಲ್ಲ, ಹಾಗೆ. ಮ್ಯಾಂಚೆಸ್ಟರಿನವರು ಎಷ್ಟು ಊರುಗಳಿಗೆ ಹೆಸರು ಸಾಲ ಕೊಟ್ಟರೋ ಲೆಕ್ಕವಿಲ್ಲ.

ಇಂಥ ಊರಿನ ನಡುವಿನ ಚೌಕದಲ್ಲಿ, ಸೇಂಟ್ ಮಾರ್ಟಿನ್ ಚರ್ಚಿಗೆ ಎದುರಾಗಿ, ಅರಮನೆಯಂಥ ಕಲ್ಲಿನ ಕಟ್ಟಡವೊಂದು ನಿಂತಿದೆ. ಸುತ್ತಲಿನ ಕೆಂಪು ಇಟ್ಟಿಗೆಯ ನಡುವೆ ಅದು ಎದ್ದು ಕಾಣುತ್ತದೆ. ದೊಡ್ಡ ಕಂಬಗಳು, ಕಡಿದಾದ ಮಾಡು, ನಡುವೆ ಗಡಿಯಾರ, ಕಣ್ಣು ಹಾಯಿಸಿದಲ್ಲೆಲ್ಲ ಕೆತ್ತನೆ. ನೇಕಾರರ ಊರಿಗೆ ಇಷ್ಟೊಂದು ಆಡಂಬರ ಯಾಕೆ ಬೇಕಾಯಿತು? ಕಟ್ಟಿಸಿದವರು ಯಾರು? ಅದಕ್ಕಿಂತ ಮುಖ್ಯವಾಗಿ, ಅದರೊಳಗೆ ಹೋಗಿ ಕುಳಿತವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಹೋದರೆ ಒಂದು ಶತಮಾನದ ಜಗಳವೇ ಬಿಚ್ಚಿಕೊಳ್ಳುತ್ತದೆ.

ಮೊದಲು ಊರಿನ ಕಥೆ, ಬೇಗ ಹೇಳಿಬಿಡುತ್ತೇನೆ. 1469ರಲ್ಲಿ ಬರ್ಗಂಡಿಯ ದೊರೆ ಚಾರ್ಲ್ಸ್ ರೂಬೇಯ ಒಡೆಯನಾದ ಪಿಯೇರ್ ಎಂಬವನಿಗೆ ಒಂದು ಸನ್ನದು ಕೊಟ್ಟ. ನಿನ್ನ ಊರಿನವರು ಉಣ್ಣೆಯ ಬಟ್ಟೆ ನೇಯಬಹುದು ಎಂಬ ಅಪ್ಪಣೆ ಅದು. ಪಕ್ಕದ ಲಿಲ್ ನಗರದವರಿಗೆ ಇದು ಸಹಿಸಲಾಗದ ವಿಷಯ. ನೇಯ್ಗೆ ಹಳ್ಳಿಗಾಡಿಗೆ ಹೋದರೆ ತಮ್ಮ ಹೊಟ್ಟೆಗೆ ಕಲ್ಲು ಬೀಳುತ್ತದೆ ಎಂದು ಅವರು ಮುಂದಿನ ಮೂರು ಶತಮಾನ ತಕರಾರು ಮಾಡುತ್ತಲೇ ಇದ್ದರು. ಫ್ರೆಂಚ್ ಕ್ರಾಂತಿ ಬಂದು ಹಳೆಯ ಸನ್ನದು, ವಿಶೇಷ ಹಕ್ಕು ಎಲ್ಲವನ್ನೂ ಗುಡಿಸಿ ಹಾಕಿದ ಮೇಲೆ ರೂಬೇಗೆ ಕಡಿವಾಣವೇ ಇಲ್ಲದಂತಾಯಿತು. 1800ರ ಸುಮಾರಿಗೆ ಅಲ್ಲಿದ್ದವರು ಎಂಟು ಸಾವಿರ ಜನ. 1896ರಲ್ಲಿ ಸುಮಾರು 1,24,000. ನೂರೇ ವರ್ಷದಲ್ಲಿ ಒಂದು ದೊಡ್ಡ ಹಳ್ಳಿ ಹದಿನೈದು ಪಟ್ಟು ಬೆಳೆದು ನಗರವಾಯಿತು.

ಇಷ್ಟು ಜನ ಎಲ್ಲಿಂದ ಬಂದರು? ಹೆಚ್ಚಿನವರು ಗಡಿಯಾಚೆಯಿಂದ. ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯಲ್ಲಿ ಕೈಮಗ್ಗ ಸೊರಗಿತ್ತು, ಆಲೂಗಡ್ಡೆ ಬೆಳೆ ಕೊಳೆತಿತ್ತು. ಅಲ್ಲಿಯ ನೇಕಾರರು ಗಂಟುಮೂಟೆ ಕಟ್ಟಿಕೊಂಡು ನಡೆದೇ ರೂಬೇಗೆ ಬಂದರು. 1870ರ ದಶಕದಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ಬೆಲ್ಜಿಯನ್ನರು. ಫ್ರೆಂಚ್ ನಗರವೊಂದರಲ್ಲಿ ಫ್ರೆಂಚರೇ ಅಲ್ಪಸಂಖ್ಯಾತರು! ಹೊರಗಿನವರು ಬಂದು ನಮ್ಮ ಕೂಲಿ ಇಳಿಸಿದರು ಎಂಬ ಗೊಣಗಾಟ ಇವತ್ತಿನದು ಎಂದುಕೊಳ್ಳಬೇಡಿ. ರೂಬೇಯ ಬೀದಿಗಳಲ್ಲಿ ಅದು ಆಗಲೇ ಕೇಳುತ್ತಿತ್ತು.

ಬಂದವರು ಉಳಿದುಕೊಂಡದ್ದು ವಠಾರಗಳಲ್ಲಿ. ಬೀದಿಗೆ ಮುಖ ಮಾಡಿದ ಮನೆಗಳ ಸಾಲಿನ ನಡುವೆ ಒಬ್ಬರು ನುಗ್ಗುವಷ್ಟು ಸಂದಿ. ಒಳಹೊಕ್ಕರೆ ಉದ್ದಕ್ಕೆ ಚಿಕ್ಕ ಅಂಗಳ, ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟ ಪುಟ್ಟ ಮನೆಗಳು. ಎಲ್ಲರಿಗೂ ಸೇರಿ ಒಂದು ಪಂಪು, ಮೂಲೆಯಲ್ಲಿ ಹಂಚಿಕೊಂಡ ಕಕ್ಕಸು. ಸ್ನಾನದ ಮನೆ ಎಂಬುದು ಇರಲೇ ಇಲ್ಲ. ಕ್ಷಯರೋಗ, ಮಕ್ಕಳ ಸಾವು ಎಲ್ಲವೂ ಇಂಥ ವಠಾರಗಳಲ್ಲಿ ಮನೆಮಾಡಿಕೊಂಡಿದ್ದವು. ಸ್ನಾನದ ಮನೆ ಇಲ್ಲದ ಈ ವಿಷಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಂಥ ಊರಿನಲ್ಲಿ ರಾಜಕೀಯ ಬಿಸಿಯಾಗದೆ ಇರುತ್ತದೆಯೇ? 1892ರಲ್ಲಿ ರೂಬೇಯ ನಗರಸಭೆ ಸಮಾಜವಾದಿಗಳ ಕೈಗೆ ಬಂತು. ಮೇಯರ್ ಆದವರು ಆನ್ರಿ ಕಾರೆಟ್. ಮೊದಲು ನೇಕಾರ, ಆಮೇಲೆ ಬಿಯರ್ ಅಂಗಡಿ ಇಟ್ಟುಕೊಂಡವರು. ಆ ಕಾಲದ ಕಾರ್ಮಿಕ ನಾಯಕರಲ್ಲಿ ಇದು ಮಾಮೂಲು. ಮುಷ್ಕರದಲ್ಲಿ ಮುಂದೆ ನಿಂತವನಿಗೆ ಯಾವ ಗಿರಣಿಯೂ ಮತ್ತೆ ಕೆಲಸ ಕೊಡುತ್ತಿರಲಿಲ್ಲ. ಬಿಯರ್ ಅಂಗಡಿ ಇಟ್ಟರೆ ಹೊಟ್ಟೆಪಾಡೂ ಆಯಿತು, ಸಭೆ ಸೇರಲು ಜಾಗವೂ ಆಯಿತು. ಕಾರೆಟ್ ಅವರ ನಗರಸಭೆ ಶಾಲೆಯ ಮಕ್ಕಳಿಗೆ ಊಟ ಹಾಕಲು ಶುರುಮಾಡಿತು. ನಗರಸಭೆಯದೇ ಔಷಧ ಅಂಗಡಿ ತೆರೆಯುತ್ತೇವೆ ಎಂದು ಹೊರಟಾಗ ಮೇಲಿನ ಅಧಿಕಾರಿಗಳು ಅದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ತಡೆದರು. ಮರುವರ್ಷ, 1893ರಲ್ಲಿ, ಫ್ರಾನ್ಸಿನಲ್ಲಿ ಮಾರ್ಕ್ಸ್‌ವಾದವನ್ನು ಹರಡಿದ ಜೂಲ್ ಗೆದ್ ಇದೇ ಊರಿನಿಂದ ಸಂಸತ್ತಿಗೆ ಆರಿಸಿ ಬಂದರು. ರೂಬೇಯನ್ನು ಸಮಾಜವಾದದ ಪುಣ್ಯಕ್ಷೇತ್ರ ಎಂದು ಜನ ಕರೆಯತೊಡಗಿದರು. ಅಭಿಮಾನಿಗಳು ಹೆಮ್ಮೆಯಿಂದ, ವಿರೋಧಿಗಳು ವ್ಯಂಗ್ಯದಿಂದ.

ಗಿರಣಿ ಯಜಮಾನರಿಗೆ ಇದು ತಮ್ಮ ಅಂಗಳದಲ್ಲೇ ಆದ ಅವಮಾನ. ಅವರು ಕಣಕ್ಕಿಳಿಸಿದ್ದು ಯೂಜೆನ್ ಮೋಟ್ ಎಂಬವರನ್ನು. ಮೋಟ್ ಮನೆತನ ಎಂದರೆ ರೂಬೇಯಲ್ಲಿ ನೂಲು, ಬಟ್ಟೆ, ಬಣ್ಣ ಎಲ್ಲವೂ. ಮೋಟ್ 1898ರಲ್ಲಿ ಸಂಸತ್ತಿನ ಚುನಾವಣೆಯಲ್ಲಿ ಗೆದ್ ಅವರನ್ನು ಸೋಲಿಸಿದರು, 1902ರಲ್ಲಿ ಮತ್ತೆ ಸೋಲಿಸಿದರು. ಅದೇ ವರ್ಷ ಮೇಯರ್ ಕುರ್ಚಿಯಲ್ಲೂ ಕುಳಿತರು. 1906ರಲ್ಲಿ ಗೆದ್ ತಿರುಗಿ ಬಂದು ಸಂಸತ್ತಿನ ಸ್ಥಾನ ಕಿತ್ತುಕೊಂಡರು. ಆದರೆ ನಗರಸಭೆ ಮೋಟ್ ಅವರ ಕೈಯಲ್ಲೇ ಉಳಿಯಿತು. ಹೊಸ ಪುರಭವನದ ಕೆಲಸ ಶುರುವಾದದ್ದು 1907ರಲ್ಲಿ. ಸೋತ ಮರುವರ್ಷ. ಇದನ್ನು ನಾನು ಕಾಕತಾಳೀಯ ಎಂದು ನಂಬುವುದಿಲ್ಲ. ಊರು ಯಾರದು ಎಂಬ ವಾದಕ್ಕೆ ಮೋಟ್ ಕಲ್ಲಿನಲ್ಲಿ ಉತ್ತರ ಕೊಡಲು ಹೊರಟರು ಎಂಬುದು ನನ್ನ ಓದು.

ಇಲ್ಲಿ ಒಂದು ಮಾತು ಹೇಳಬೇಕು. ಪುರಭವನ ಎಂದ ಕೂಡಲೇ ಬೆಂಗಳೂರಿನ ಟೌನ್‌ಹಾಲ್‌ನಂತೆ ಸಭೆ, ನಾಟಕ, ಮೆಟ್ಟಿಲ ಮೇಲೆ ಧರಣಿ ಎಂದುಕೊಳ್ಳಬೇಡಿ. ಫ್ರಾನ್ಸಿನಲ್ಲಿ ಅದು ಮೇಯರ್ ಕೂರುವ ಜಾಗ, ಸದಸ್ಯರು ಸಭೆ ಸೇರುವ ಜಾಗ, ಹುಟ್ಟು-ಸಾವು ಬರೆಸುವ ಜಾಗ. ಮದುವೆಯೂ ಅಲ್ಲಿಯೇ. 1792ರಿಂದ ಅಲ್ಲಿ ಕಾನೂನು ಒಪ್ಪುವುದು ಸರ್ಕಾರಿ ಮದುವೆಯನ್ನು ಮಾತ್ರ. ಚರ್ಚು, ಮಸೀದಿಗಳ ಶಾಸ್ತ್ರ ಏನಿದ್ದರೂ ಆಮೇಲೆ. ಹಾಗಾಗಿ ಊರಿನ ಬಡ ನೇಕಾರನೂ ಬದುಕಿನಲ್ಲಿ ಒಮ್ಮೆಯಾದರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಈ ಬಾಗಿಲನ್ನು ದಾಟಲೇಬೇಕು. ಇಂಥ ಕಡೆ ಆಡಂಬರ ತೋರಿಸಿದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. 1871ರಲ್ಲಿ ಪ್ಯಾರಿಸ್ಸಿನ ಜನ ಸರ್ಕಾರದ ವಿರುದ್ಧ ಎದ್ದ ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯದಲ್ಲಿ ಸುಟ್ಟುಹೋದ ಅಲ್ಲಿನ ಪುರಭವನವನ್ನು ಹೊಸದಾಗಿ ಕಟ್ಟಿ 1882ರಲ್ಲಿ ತೆರೆದ ಮೇಲಂತೂ ಊರೂರಿನ ಮೇಯರ್‌ಗಳು ಪೈಪೋಟಿಗೆ ಬಿದ್ದರು. ರೂಬೇಗೆ ಅಂಟಿಕೊಂಡೇ ಇರುವ, ಅಷ್ಟೇ ಹಳೆಯ ಪ್ರತಿಸ್ಪರ್ಧಿ ಟೂರ್ಕ್ವಾಂ ಊರಿನವರೂ ಮೊದಲೇ ಭರ್ಜರಿ ಪುರಭವನ ಕಟ್ಟಿಕೊಂಡಿದ್ದರು. ನೆರೆಯವರ ಮನೆಯ ಮುಂದೆ ತಲೆ ತಗ್ಗಿಸುವುದು ಹೇಗೆ?

ಮೋಟ್ ಕರೆಸಿದ್ದು ಚಿಕ್ಕಪುಟ್ಟ ವಾಸ್ತುಶಿಲ್ಪಿಯನ್ನಲ್ಲ. ವಿಕ್ಟರ್ ಲಾಲೂ ಅವರನ್ನು. ಪ್ಯಾರಿಸ್ಸಿಗೆ ಹೋದವರು ಓರ್ಸೆ ಸಂಗ್ರಹಾಲಯ ನೋಡಿರುತ್ತೀರಿ, ವ್ಯಾನ್ ಗೋ, ಮೋನೆ ಚಿತ್ರಗಳಿರುವಲ್ಲಿ. ಅದು 1900ರಲ್ಲಿ ರೈಲು ನಿಲ್ದಾಣವಾಗಿ ಶುರುವಾದದ್ದು. ಅದನ್ನು ಕಟ್ಟಿದವರು ಇವರೇ. ರೈಲಿಗೆ ಬೇಕಾದ ಕಬ್ಬಿಣದ ಹಂದರವನ್ನೆಲ್ಲ ಕೆತ್ತನೆಯ ಕಲ್ಲಿನ ಹಿಂದೆ ಅಡಗಿಸಿ, ಸೆನ್ ನದಿಯ ದಡಕ್ಕೆ ಅರಮನೆಯ ಮುಖ ತೊಡಿಸಿದರು. ತಮ್ಮ ಹುಟ್ಟೂರು ಟೂರ್‌ಗೂ ಒಂದು ಪುರಭವನ ಕಟ್ಟಿಕೊಟ್ಟಿದ್ದರು. ರೂಬೇಯ ಕಟ್ಟಡದ ಎದುರು ನಿಂತರೆ ಅದೇ ಕೈಯ ಗುರುತು ಕಾಣುತ್ತದೆ. ಗಾತ್ರ ದೊಡ್ಡದು, ಕೈ ಧಾರಾಳ, ಖಾಲಿ ಗೋಡೆ ಕಂಡರೆ ತಡೆಯಲಾರದ ಸ್ವಭಾವ. ನನಗೇನೋ ಅದು ಸ್ವಲ್ಪ ಹೆಚ್ಚಾಯಿತು ಅನ್ನಿಸುತ್ತದೆ. ವಠಾರದಲ್ಲಿ ಸ್ನಾನದ ಮನೆಯಿಲ್ಲದ ಊರಿನಲ್ಲಿ, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನೆನಪಾಗುತ್ತದೆ.

ಆದರೆ ಒಂದು ಭಾಗದ ಮುಂದೆ ನಾನೂ ಸುಮ್ಮನಾಗುತ್ತೇನೆ. ಮುಂಭಾಗದ ಎತ್ತರದಲ್ಲಿ ಅಲ್ಫೋನ್ಸ್ ಅಮೆದೇ ಕೋರ್ದೊನಿಯೇ ಎಂಬ ಶಿಲ್ಪಿ ಮಾಡಿದ ಉಬ್ಬುಕೆತ್ತನೆಯ ಪಟ್ಟಿಕೆ ಇದೆ. ಸಾಮಾನ್ಯವಾಗಿ ಇಂಥ ಜಾಗದಲ್ಲಿ ದೇವತೆಗಳು, ದೊರೆಗಳು, ಕೈಯಲ್ಲಿ ಪಂಜು ಹಿಡಿದ ಸ್ವಾತಂತ್ರ್ಯಮಾತೆ ಇರುತ್ತಾರೆ. ಇಲ್ಲಿರುವುದು ಕೆಲಸ. ಹತ್ತಿ ಬಿಡಿಸುವುದು, ಕುರಿಯ ಉಣ್ಣೆ ಕತ್ತರಿಸುವುದು, ನೂಲು ತೆಗೆಯುವುದು, ನೇಯುವುದು, ಬಣ್ಣ ಹಾಕುವುದು. ಗಮನಿಸಿ, ಹತ್ತಿ ಫ್ರಾನ್ಸಿನಲ್ಲಿ ಬೆಳೆಯುವುದಿಲ್ಲ. ರೂಬೇಗೆ ಬೇಕಾದಷ್ಟು ಉಣ್ಣೆಯೂ ಅಲ್ಲಿ ಸಿಗುತ್ತಿರಲಿಲ್ಲ. ಇಲ್ಲಿನ ವ್ಯಾಪಾರಿಗಳು ಅರ್ಜೆಂಟೀನಾ, ಆಸ್ಟ್ರೇಲಿಯಾಗಳಿಗೆ ಹೋಗಿ ಉಣ್ಣೆ ಕೊಳ್ಳುತ್ತಿದ್ದರು. ಒಂದು ಚಿಕ್ಕ ಊರು ತನ್ನ ಪುರಭವನದ ನೆತ್ತಿಯ ಮೇಲೆ ಸಾವಿರಾರು ಮೈಲಿ ದೂರದ ಹೊಲವನ್ನೂ ಕುರಿಮಂದೆಯನ್ನೂ ಕೆತ್ತಿಸಿಕೊಂಡಿದೆ.

ಆ ಪಟ್ಟಿಕೆಯಲ್ಲಿ ಇನ್ನೊಂದು ಕೆಲಸವೂ ಇದೆ. ಬಟ್ಟೆಯ ವ್ಯಾಪಾರ ಗೊತ್ತಿಲ್ಲದವರಿಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ಅದೇ ತೇವ ನೋಡುವ ಕೆಲಸ. ಉಣ್ಣೆಯ ಗುಣ ಏನೆಂದರೆ ಅದು ಗಾಳಿಯ ನೀರನ್ನು ಹೀರಿಕೊಳ್ಳುತ್ತದೆ. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ತೂಕ ಮಾತ್ರ ಏರಿರುತ್ತದೆ. ಉಣ್ಣೆ ಮಾರುವುದು ತೂಕದ ಲೆಕ್ಕದಲ್ಲಿ. ಹಾಗಾದರೆ ಕೊಳ್ಳುವವನು ದುಡ್ಡು ಕೊಡುವುದು ಉಣ್ಣೆಗೋ ನೀರಿಗೋ? ಈ ಜಗಳ ತೀರಿಸಲು ಸರ್ಕಾರದ ಮೇಲ್ವಿಚಾರಣೆಯ ತಟಸ್ಥ ಮನೆಗಳಿದ್ದವು. ಮೂಟೆಯಿಂದ ಸ್ವಲ್ಪ ಮಾದರಿ ತೆಗೆದು, ನೀರು ಕುದಿಯುವ ಶಾಖಕ್ಕಿಂತ ತುಸು ಹೆಚ್ಚಿನ ಬಿಸಿಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸುತ್ತಾರೆ. ಬಂದ ಒಣ ತೂಕಕ್ಕೆ ಕಾನೂನು ಒಪ್ಪಿದಷ್ಟು ತೇವವನ್ನು ಲೆಕ್ಕದಲ್ಲಿ ಸೇರಿಸುತ್ತಾರೆ. ಉಣ್ಣೆಗೆ ಅದು ಶೇಕಡ 17-18ರ ಆಸುಪಾಸು. ಆ ಮೊತ್ತವೇ ಇಬ್ಬರೂ ಒಪ್ಪಬೇಕಾದ ತೂಕ. ರೂಬೇಯಲ್ಲಿ ಇದಕ್ಕಾಗಿ 1902ರಲ್ಲಿ ಕಟ್ಟಿದ ದೊಡ್ಡ ಕಟ್ಟಡ ಈಗಲೂ ಇದೆ. ಒಳಗಿನ ಹವೆ ಏರುಪೇರಾಗದಿರಲಿ ಎಂದು ಅದರ ಮಾಡಿನ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದರು. ಈಗ ಅಲ್ಲಿ ನಾಟಕ, ಸಂಗೀತ, ಪ್ರದರ್ಶನ ನಡೆಯುತ್ತವೆ. ತೂಕದ ಜಗಳವನ್ನೂ ಕಲ್ಲಿನಲ್ಲಿ ಕೆತ್ತಿಸಿದ ಊರು ಇನ್ನೊಂದಿದ್ದರೆ ನನಗೆ ತಿಳಿಸಿ.

ಪಟ್ಟಿಕೆಯಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಮುಷ್ಕರವಿಲ್ಲ. ವಠಾರವಿಲ್ಲ. ಕೆಲಸ ಇದೆ, ಕೂಲಿಯ ವಿಚಾರವಿಲ್ಲ. ಯಜಮಾನರು ಶಿಲ್ಪಿಗೆ ಹಣ ಕೊಟ್ಟರೆ ಶಿಲ್ಪ ಹೀಗೆಯೇ ಇರುತ್ತದೆ, ಅದರಲ್ಲಿ ಆಶ್ಚರ್ಯವಿಲ್ಲ.

1911ರ ಏಪ್ರಿಲ್ 30ರಂದು ಕಟ್ಟಡ ತೆರೆಯಿತು. ಅದೇ ದಿನ ಊರಿನ ಬಾರ್ಬಿಯೋ ಉದ್ಯಾನದಲ್ಲಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನವೂ ಶುರುವಾಯಿತು. ನವೆಂಬರ್‌ವರೆಗೆ ಜಾತ್ರೆಯೋ ಜಾತ್ರೆ. ರೂಬೇಯ ಯಜಮಾನರಿಗೆ ಪ್ರದರ್ಶನದ ಹುಚ್ಚು ಮೊದಲಿನಿಂದಲೂ ಇತ್ತು. ಸೈಕಲ್ ಪಂದ್ಯದ ವಿಷಯ ಆಗ ಹೇಳಿದೆನಲ್ಲ, ಅದೂ ಇವರದೇ. ತೆಯೊಡೋರ್ ವಿಯೆನ್, ಮೋರಿಸ್ ಪೆರೆಜ್ ಎಂಬ ಇಬ್ಬರು ಗಿರಣಿ ಯಜಮಾನರು ಊರಿನಲ್ಲಿ ಸೈಕಲ್ ಓಟದ ಮೈದಾನ ಕಟ್ಟಿಸಿದರು. ಅದಕ್ಕೆ ಜನ ಸೇರಿಸಲು 1896ರಲ್ಲಿ ಪ್ಯಾರಿಸ್‌ನಿಂದ ರೂಬೇವರೆಗೆ ಪಂದ್ಯ ಹೂಡಿದರು. ಕಲ್ಲುಹಾಸಿನ ಹಳ್ಳಿರಸ್ತೆಗಳ ಮೇಲೆ ಎಲುಬು ಅದುರುವಂತೆ ಓಡಿಸುವ ಆ ಪಂದ್ಯ ಇವತ್ತಿಗೂ ಪ್ರತಿ ವಸಂತದಲ್ಲಿ ನಡೆಯುತ್ತದೆ. ಗೆದ್ದವನಿಗೆ ಕೊಡುವ ಬಹುಮಾನವೂ ಒಂದು ಹಾಸುಗಲ್ಲು. ಉತ್ತರದ ನರಕ ಎಂದು ಅದಕ್ಕೆ ಅಡ್ಡಹೆಸರು. ರಸ್ತೆ ಕೆಟ್ಟಿರುವುದರಿಂದ ಆ ಹೆಸರು ಎಂದು ಬಹಳ ಜನ ತಿಳಿದಿದ್ದಾರೆ. ಅದು ಬಂದದ್ದು 1919ರಲ್ಲಿ, ಯುದ್ಧದಲ್ಲಿ ಸುಟ್ಟು ಕರಕಲಾದ ನೆಲದ ನಡುವೆ ಪಂದ್ಯದ ದಾರಿ ಹುಡುಕಲು ಹೋದವರು ಕಂಡದ್ದರಿಂದ.

ಈಗ ಕಥೆಯ ತಿರುವು. ಮೋಟ್ ಅವರ ಅರಮನೆ ತೆರೆದದ್ದು 1911ರ ವಸಂತದಲ್ಲಿ. 1912ರ ನಗರಸಭೆ ಚುನಾವಣೆಯಲ್ಲಿ ಅವರು ಸೋತರು. ಒಂದು ವರ್ಷ! ಬಣ್ಣದ ವಾಸನೆ ಆರುವ ಮೊದಲೇ ಮೇಯರ್ ಕೋಣೆಯನ್ನು ಸಮಾಜವಾದಿಗಳಿಗೆ ಬಿಟ್ಟುಕೊಡಬೇಕಾಯಿತು. ಒಳಗೆ ಬಂದವರು ಝಾಂ-ಬಾತಿಸ್ತ್ ಲೆಬಾ. ಅವರು ಆ ಕಟ್ಟಡವನ್ನು ಬೈಯಲಿಲ್ಲ, ಮಾರಲಿಲ್ಲ, ಸರಳವಾದ ಬೇರೆ ಕಚೇರಿ ಹುಡುಕಲಿಲ್ಲ. ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕುಳಿತರು. ಯಜಮಾನರು ತಮಗೆಂದು ಕಟ್ಟಿಸಿಕೊಂಡ ಮನೆಯಲ್ಲಿ ಕಾರ್ಮಿಕರ ಪಕ್ಷ ದಶಕಗಳ ಕಾಲ ಸಂಸಾರ ಹೂಡಿತು. ರೂಬೇಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದು.

ಸಂಸಾರ ಸುಖದ್ದೇನೂ ಆಗಿರಲಿಲ್ಲ. 1914ರ ಅಕ್ಟೋಬರ್‌ನಲ್ಲಿ ಜರ್ಮನ್ ಸೇನೆ ಊರನ್ನು ಹಿಡಿಯಿತು. ನಾಲ್ಕು ವರ್ಷ ಬಿಡಲಿಲ್ಲ. ಗಿರಣಿಗಳಿಂದ ಉಣ್ಣೆ, ತಾಮ್ರ, ಯಂತ್ರಗಳನ್ನು ಕಿತ್ತು ಸಾಗಿಸಿತು. ಊರಿನ ಯುವಕರ ಪಟ್ಟಿ ಕೊಡಿ ಎಂದು ಲೆಬಾ ಅವರನ್ನು ಕೇಳಿತು. ಅವರು ಕೊಡಲಿಲ್ಲ. ಅದಕ್ಕಾಗಿ ಜರ್ಮನಿಯ ಜೈಲಿಗೆ ಹೋದರು. 1916ರ ಈಸ್ಟರ್ ಹೊತ್ತಿಗೆ ಲಿಲ್, ರೂಬೇ, ಟೂರ್ಕ್ವಾಂಗಳಿಂದ ಸುಮಾರು 20,000 ಜನರನ್ನು, ಅವರಲ್ಲಿ ಹೆಣ್ಣುಮಕ್ಕಳನ್ನೂ, ಮನೆಗಳಿಂದ ಎಬ್ಬಿಸಿ ದೂರದ ಹೊಲಗಳಲ್ಲಿ ದುಡಿಯಲು ಸಾಗಿಸಿದರು. ಪುರಭವನ ಎಂದರೆ ಪಟ್ಟಿಗಳ ಮನೆ. ಹುಟ್ಟು, ಮದುವೆ, ತೆರಿಗೆ ಎಲ್ಲವೂ ಅಲ್ಲಿ ಬರೆದಿರುತ್ತದೆ. ಅಂಥ ಮನೆಯ ಯಜಮಾನ ಒಂದು ಪಟ್ಟಿ ಕೊಡುವುದಿಲ್ಲ ಎಂದರೆ ಅದರ ತೂಕ ನೀವೇ ಊಹಿಸಿ.

ಯುದ್ಧ ಮುಗಿದ ಮೇಲೆ ಲೆಬಾ ಮತ್ತೆ ಮೇಯರ್ ಆದರು. ಸ್ನಾನದ ಮನೆಯ ವಿಷಯ ನೆನಪಿದೆಯಲ್ಲ? ಅವರ ನಗರಸಭೆ ಅಲ್ಬೇರ್ ಬಾರ್ಟ್ ಎಂಬ ವಾಸ್ತುಶಿಲ್ಪಿಯಿಂದ ಒಂದು ಈಜುಕೊಳ ಕಟ್ಟಿಸಿತು. 1932ರಲ್ಲಿ ತೆರೆದ ಅದರಲ್ಲಿ ಈಜಲು ಕೊಳ ಮಾತ್ರವಲ್ಲ, ವಠಾರದವರು ಬಂದು ಮೈ ತೊಳೆದುಕೊಳ್ಳಲು ತೊಟ್ಟಿಗಳ ಸ್ನಾನದ ಕೋಣೆಗಳೂ ಇದ್ದವು. ಕೊಳದ ಎರಡು ತುದಿಗಳಲ್ಲಿ ಸೂರ್ಯನ ಕಿರಣದಂತೆ ಹರಡಿದ ಬಣ್ಣದ ಗಾಜಿನ ಕಿಟಕಿಗಳು, ಬಾಯಿಂದ ನೀರು ಸುರಿಸುವ ಸಿಂಹದ ತಲೆ, ಹೊರಗೆ ಕ್ರೈಸ್ತ ಮಠದ ಅಂಗಳದಂಥ ತೋಟ. ಗಿರಣಿಯವನ ಮಗನೂ ಗಿರಣಿ ಯಜಮಾನನ ಮಗನೂ ಒಂದೇ ನೀರಿಗೆ ಇಳಿದರು. ಪುರಭವನವೋ ಈಜುಕೊಳವೋ, ಯಾವುದು ಚೆಂದ ಎಂದು ನನ್ನನ್ನು ಕೇಳಿದರೆ ಈಜುಕೊಳ ಎನ್ನಲು ಅರೆಕ್ಷಣವೂ ಬೇಡ. ಒಂದು ಕಟ್ಟಡ ನೋಡುವವರಿಗಾಗಿ ಕಟ್ಟಿದ್ದು, ಇನ್ನೊಂದು ಬಳಸುವವರಿಗಾಗಿ.

1936ರಲ್ಲಿ ಲೆಬಾ ದೇಶದ ಕಾರ್ಮಿಕ ಮಂತ್ರಿಯಾದರು. ಸಂಬಳ ಸಹಿತ ಎರಡು ವಾರದ ರಜೆ, ವಾರಕ್ಕೆ 40 ಗಂಟೆ ಕೆಲಸ ಎಂಬ ಕಾನೂನುಗಳು ಬಂದದ್ದು ಆಗ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಮತ್ತೆ ಬಂದರು. ಅರವತ್ತು ದಾಟಿದ ಈ ಮನುಷ್ಯ ಮತ್ತೆ ಎದುರು ನಿಂತರು. 1941ರಲ್ಲಿ ಸೆರೆ ಸಿಕ್ಕರು, 1944ರಲ್ಲಿ ಸೊನೆನ್‌ಬರ್ಗ್ ಜೈಲಿನಲ್ಲಿ ಸತ್ತರು.

ಅದಾದ ಮೇಲಿನ ಕಥೆ ಬಟ್ಟೆಯ ಊರುಗಳಲ್ಲೆಲ್ಲ ನಡೆದದ್ದೇ, ಹಾಗಾಗಿ ಲಂಬಿಸುವುದಿಲ್ಲ. ಯುದ್ಧದ ನಂತರ ಆಲ್ಜೀರಿಯಾ, ಪೋರ್ಚುಗಲ್, ಇಟಲಿಗಳಿಂದ ಕೆಲಸಗಾರರು ಬಂದು ಅದೇ ವಠಾರಗಳಲ್ಲಿ ಉಳಿದರು. 1970ರ ದಶಕದಿಂದ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬ್ರಿಟನ್ನಿನ ರಾಣಿ ಎಲಿಜಬೆತ್ 1957ರಲ್ಲಿ ಬಂದು ನೋಡಿದ ದೊಡ್ಡ ಉಣ್ಣೆ ಗಿರಣಿ ಲೆನಿಯೇರ್ ಕೂಡ 2000ದಲ್ಲಿ ಬಾಗಿಲು ಹಾಕಿತು. ನೂಲು ಗಿರಣಿಯಾಗಿ ಹುಟ್ಟಿದ ಲಾ ರೆದೂತ್ ಮಾತ್ರ ಅಂಚೆಯಲ್ಲಿ ಬಟ್ಟೆ ಮಾರುವ ಕಂಪನಿಯಾಗಿ ಬದುಕಿಕೊಂಡಿತು. ಓಷಾಂ ಎಂಬ ಸೂಪರ್ ಮಾರ್ಕೆಟ್ ಸರಣಿಯ ಮೊದಲ ಅಂಗಡಿ 1961ರಲ್ಲಿ ಶುರುವಾದದ್ದೂ ಈ ಊರಿನ ಒಂದು ಬಡಾವಣೆಯಲ್ಲೇ. ವ್ಯಾಪಾರದ ಬುದ್ಧಿ ಊರು ಬಿಟ್ಟು ಹೋಗಲಿಲ್ಲ, ಕೂಲಿಯ ಕೆಲಸ ಹೋಯಿತು. ಇವತ್ತು ರೂಬೇ ಫ್ರಾನ್ಸಿನ ಅತಿ ಬಡ ನಗರಗಳಲ್ಲಿ ಒಂದು. ಜನಸಂಖ್ಯೆ ಒಂದು ಲಕ್ಷದ ಹತ್ತಿರ. ಪುರಭವನ ಮಾತ್ರ 1,24,000 ಜನರ ಊರಿನ ಅಳತೆಗೆ, ಅದಕ್ಕಿಂತಲೂ ದೊಡ್ಡದಾಗುವ ಕನಸಿನ ಅಳತೆಗೆ ಹೊಲಿಸಿದ ಅಂಗಿ. ಊರು ಒಳಗೆ ಬಡಕಲಾಗಿದೆ. ಬಡ ನಗರಸಭೆಗೆ ಇಂಥ ಕಟ್ಟಡ ಸಾಕುವುದು ಸುಲಭವಲ್ಲ. ಸಂರಕ್ಷಿತ ಸ್ಮಾರಕವಾದದ್ದರಿಂದ ಒಂದು ಕಿಟಕಿ ಬದಲಿಸಬೇಕಾದರೂ ನಿಯಮಗಳಿರುತ್ತವೆ.

ಕಟ್ಟಡಗಳನ್ನು ಕೆಡವದೆ ಬೇರೆ ಕೆಲಸಕ್ಕೆ ಹಚ್ಚುವುದನ್ನು ರೂಬೇಯವರು ಚೆನ್ನಾಗಿ ಕಲಿತಿದ್ದಾರೆ. 1985ರಲ್ಲಿ ಮುಚ್ಚಿದ ಈಜುಕೊಳ 2001ರಲ್ಲಿ ಕಲಾ ಸಂಗ್ರಹಾಲಯವಾಯಿತು. ಕೊಳದ ನಡುವೆ ಇನ್ನೂ ನೀರಿನ ಪಟ್ಟಿ ಉಳಿಸಿಕೊಂಡಿದ್ದಾರೆ, ಅದರ ಎರಡೂ ದಡಕ್ಕೆ ಶಿಲ್ಪಗಳು. ಬಟ್ಟೆ ಬದಲಿಸುವ ಗೂಡುಗಳಲ್ಲಿ ಕಲಾಕೃತಿಗಳು. ಆದರೆ ಪುರಭವನಕ್ಕೆ ಇಂಥ ಮರುಜನ್ಮ ಬೇಕಾಗಲೇ ಇಲ್ಲ. ಅದು ಮೊದಲ ದಿನ ಮಾಡುತ್ತಿದ್ದ ಕೆಲಸವನ್ನೇ ಇವತ್ತೂ ಮಾಡುತ್ತಿದೆ. ಬೆಲ್ಜಿಯಂ ನೇಕಾರರ ಮಕ್ಕಳು ಮದುವೆಯಾದಲ್ಲೇ ಆಲ್ಜೀರಿಯಾದಿಂದ ಬಂದವರ ಮೊಮ್ಮಕ್ಕಳೂ ಮದುವೆಯಾಗುತ್ತಾರೆ.

ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ ಲಿಲ್‌ನಿಂದ ಮೆಟ್ರೋ ಎರಡನೇ ಮಾರ್ಗ ಹಿಡಿಯಿರಿ. ಗ್ರಾಂ ಪ್ಲಾಸ್ ನಿಲ್ದಾಣದಲ್ಲಿ ಇಳಿದರೆ ಪುರಭವನ ಎದುರಿಗೇ. ಪಟ್ಟಿಕೆ ಎತ್ತರದಲ್ಲಿದೆ, ದುರ್ಬೀನು ಇದ್ದರೆ ಒಯ್ಯಿರಿ. ಅಲ್ಲಿಂದ ಈಜುಕೊಳದ ಕಡೆಗೆ ಹೋಗುವ ದೊಡ್ಡ ರಸ್ತೆಗೆ ಈಗ ಲೆಬಾ ಅವರದೇ ಹೆಸರು. ಸಮಯ ಉಳಿದರೆ ಇನ್ನೊಂದು ದಿಕ್ಕಿಗೆ ನಡೆದು ಮೋಟ್ ಮನೆತನದ ಹಳೆಯ ಗಿರಣಿಯನ್ನೂ ನೋಡಿ. ಕೋಟೆಯಂತೆ ಬುರುಜುಗಳಿರುವ ಕಟ್ಟಡ. 1993ರಿಂದ ಅದು ಫ್ರಾನ್ಸಿನ ಕಾರ್ಮಿಕ ಲೋಕದ ರಾಷ್ಟ್ರೀಯ ದಾಖಲೆಗಳ ಭಂಡಾರ. ಮುಚ್ಚಿಹೋದ ಕಂಪನಿಗಳ ಲೆಕ್ಕದ ಪುಸ್ತಕಗಳು, ಕಾರ್ಮಿಕ ಸಂಘಗಳ ಕಾಗದಗಳು ಎಲ್ಲವೂ ಒಂದೇ ಸೂರಿನಡಿ ಇವೆ, ಕೇಳಿದರೆ ತೆಗೆದು ಕೊಡುತ್ತಾರೆ.